ಡಗ್ಲಸ್ ಬಾಡರ್ ಮತ್ತು ಬಾಗಿಲ ಹಿಂದಿನ ಕಾಲು

ಮೂರನೇ ಸೆಮ್‌ನ ಮಿನಿ ಪ್ರಾಜೆಕ್ಟ್‌ಗೆ ನಾವು ನಾಲ್ಕು ಜನ ಆರಿಸ್ಕೊಂಡಿದ್ದು ಕೃತಕ ಕಾಲಿನ ಮಂಡಿ. ಸಮಾಜಸೇವೆ ಅಂತೇನೂ ಅಲ್ಲ. ಅದರಲ್ಲಿ ಫೋರ್ ಬಾರ್ ಮೆಕ್ಯಾನಿಸಂ ಬರುತ್ತೆ, ಅದು ಸಿಲಬಸ್‌ನಲ್ಲೂ ಇದೆ, ಒಂದೇ ಕಲ್ಲಿಗೆ ಎರಡು ಹಕ್ಕಿ. ಗೈಡ್ ಮಾತ್ರ ಒಂದು ಕಂಡೀಷನ್ ಹಾಕಿದ್ರು: ಕ್ಯಾಡ್ ಮಾಡೆಲ್ ತೆರೆಯೋ ಮುಂಚೆ ಕೃತಕ ಕಾಲು ಇರೋರನ್ನ ಒಬ್ಬರನ್ನಾದ್ರೂ ಭೇಟಿ ಮಾಡಿ ಬರಬೇಕು.

ನಮ್ಮಲ್ಲೊಬ್ಬನ ದೊಡ್ಡಪ್ಪನಿಗೆ ಶುಗರ್‌ನಿಂದ ಎಡಗಾಲನ್ನು ಮಂಡಿ ಮೇಲಿನಿಂದ ತೆಗೆದು ಎರಡು ವರ್ಷ ಆಗಿತ್ತು. ತಿಪಟೂರಿನ ಕಡೆ ಹಳ್ಳಿ, ತೆಂಗಿನ ತೋಟ. ಒಂದು ಭಾನುವಾರ ಹೋದ್ವಿ. ಕಾಲು ಎಲ್ಲಿದೆ ಅಂತ ಕೇಳಿದ್ರೆ ದೊಡ್ಡಮ್ಮ ಬಾಗಿಲು ಸರಿಸಿ ತೋರಿಸಿದ್ರು. ಬಾಗಿಲ ಹಿಂದೆ ಮೊಳೆಗೆ ನೇತುಹಾಕಿ, ಧೂಳು ಕೂರಬಾರದು ಅಂತ ಹಳೇ ಪಂಚೆ ಹೊದಿಸಿದ್ರು. ದೊಡ್ಡಪ್ಪ ಅದನ್ನ ಹಾಕ್ಕೊಂಡು ಓಡಾಡಿದ್ದು ಎಲ್ಲಾ ಸೇರಿ ಒಂದು ತಿಂಗಳೂ ಇಲ್ಲ. ಕಂಕುಳಿಗೆ ಊರುಗೋಲು ಕೊಟ್ಟು ಅಂಗಳ ದಾಟೋದು, ಇಲ್ಲ ಜಗಲಿ ಮೇಲೆ ಕೂರೋದು, ಅಷ್ಟೇ.

ಅಲ್ಲಿ ನಾವು ಮಾಡಿದ ಬುದ್ಧಿವಂತಿಕೆ ಕೇಳಿ. ಅವರಿಗೆ ಧೈರ್ಯ ತುಂಬೋಣ ಅಂತ ಫೋನ್ ತೆಗೆದು ಡಗ್ಲಸ್ ಬಾಡರ್ ಮೇಲಿನ ವಿಡಿಯೋ ಒಂದನ್ನು ತೋರಿಸಿದ್ವಿ. ಎರಡೂ ಕಾಲಿಲ್ಲದ ಮನುಷ್ಯ ಯುದ್ಧವಿಮಾನ ಹಾರಿಸಿದ, ನಿಮಗೆ ಒಂದು ಕಾಲು ತಾನೇ ಹೋಗಿರೋದು ಅನ್ನೋ ಅರ್ಥದಲ್ಲಿ. ದೊಡ್ಡಪ್ಪ ಪೂರ್ತಿ ನೋಡಿದ್ರು. ಫೋನ್ ವಾಪಸ್ ಕೊಟ್ಟು, ಹುಡುಗರಿಗೆ ಕಾಫಿ ಕೊಟ್ಟಾಯ್ತಾ ಅಂತ ಒಳಗೆ ಕೇಳಿದ್ರು. ಬೇರೆ ಏನೂ ಮಾತಾಡಲಿಲ್ಲ. ವಾಪಸ್ ಬರೋ ಬಸ್ಸಿನಲ್ಲಿ ನಾವೂ ಮಾತಾಡಲಿಲ್ಲ.

ಬಾಡರ್‌ನ ಬಗ್ಗೆ ಸರಿಯಾಗಿ ಓದಿದ್ದು ಅದಾದ ಮೇಲೆ. ಆ ವಿಡಿಯೋದಲ್ಲಿ ಇಲ್ಲದೇ ಇದ್ದದ್ದೇ ಜಾಸ್ತಿ ಇತ್ತು.

ಅವನು ಹುಟ್ಟಿದ್ದು 1910ರ ಫೆಬ್ರವರಿ 21ರಂದು, ಲಂಡನ್‌ನಲ್ಲಿ. ಅಪ್ಪ ಸಿವಿಲ್ ಎಂಜಿನಿಯರ್, ಕೆಲಸ ನಮ್ಮ ದೇಶದಲ್ಲಿ. ಹಾಗಾಗಿ ಮಗುವಿಗೆ ಎರಡು ವರ್ಷ ಆಗೋವರೆಗೂ ನೆಂಟರ ಮನೆಯೇ ಗತಿ. ಆಮೇಲೆ ಸ್ವಲ್ಪ ಕಾಲ ಇಂಡಿಯಾದಲ್ಲಿ ಅಪ್ಪ ಅಮ್ಮನ ಜೊತೆ ಇದ್ದು, 1913ರಲ್ಲಿ ಎಲ್ಲರೂ ಇಂಗ್ಲೆಂಡಿಗೆ ವಾಪಸ್. ಮೊದಲ ಮಹಾಯುದ್ಧದಲ್ಲಿ ಅಪ್ಪನಿಗೆ ಗಾಯವಾಯಿತು, ಅದರ ತೊಂದರೆಗಳಿಂದಲೇ 1922ರಲ್ಲಿ ಫ್ರಾನ್ಸಿನ ಸೇಂಟ್ ಓಮರ್ ಅನ್ನೋ ಊರಲ್ಲಿ ತೀರಿಕೊಂಡರು. ಈ ಊರಿನ ಹೆಸರು ನೆನಪಿಟ್ಟುಕೊಳ್ಳಿ, ಮತ್ತೆ ಬರುತ್ತೆ.

ಓದಿನಲ್ಲಿ ಹುಡುಗ ಪರವಾಗಿಲ್ಲ, ಆಟದಲ್ಲಿ ಬೆಂಕಿ. ರಗ್ಬಿ, ಕ್ರಿಕೆಟ್, ಬಾಕ್ಸಿಂಗ್ ಎಲ್ಲದರಲ್ಲೂ ಮುಂದೆ. 1928ರಲ್ಲಿ ಕ್ರಾನ್‌ವೆಲ್‌ನ ವಾಯುಪಡೆ ಕಾಲೇಜು ಸೇರಿ, 1930ರಲ್ಲಿ ಪೈಲಟ್ ಆಗಿ ಹೊರಬಂದ. ಇಂಗ್ಲೆಂಡ್ ರಗ್ಬಿ ತಂಡಕ್ಕೇ ಆಯ್ಕೆ ಆಗಬಹುದು ಅನ್ನೋ ಮಾತಿತ್ತು. ಜೊತೆಗೆ ವಿಪರೀತ ಹಟ. ತಗ್ಗಿನಲ್ಲಿ ಹಾರುತ್ತಾ ಕಸರತ್ತು ಮಾಡಬಾರದು ಅಂತ ಆದೇಶ ಇತ್ತು. 1931ರ ಡಿಸೆಂಬರ್ 14ರಂದು ರೆಡಿಂಗ್ ಹತ್ತಿರದ ವುಡ್ಲಿ ಮೈದಾನದಲ್ಲಿ ಯಾರೋ ಕೆಣಕಿದರು ಅಂತ ಅದನ್ನೇ ಮಾಡಲು ಹೋದ. ಬ್ರಿಸ್ಟಲ್ ಬುಲ್‌ಡಾಗ್ ವಿಮಾನ, ನೆಲಕ್ಕೆ ತೀರಾ ಹತ್ತಿರದಲ್ಲಿ ಪಲ್ಟಿ. ಎಡ ರೆಕ್ಕೆಯ ತುದಿ ನೆಲಕ್ಕೆ ತಾಗಿತು. ಆಗ ಅವನಿಗೆ 21 ವರ್ಷ, ಅಂದ್ರೆ ನಮ್ಮ ಫೈನಲ್ ಇಯರ್ ಸೀನಿಯರ್‌ಗಳ ವಯಸ್ಸು.

ಕೆಲವೇ ದಿನಗಳಲ್ಲಿ ಎರಡೂ ಕಾಲು ಹೋದವು. ಬಲಗಾಲು ಮಂಡಿಯ ಮೇಲೆ, ಎಡಗಾಲು ಮಂಡಿಯ ಕೆಳಗೆ. ವಿಡಿಯೋದವರು ಇದನ್ನ ಒಂದೇ ಸೆಕೆಂಡಿನಲ್ಲಿ ದಾಟಿಬಿಡ್ತಾರೆ. ಪ್ರಾಜೆಕ್ಟ್ ಮಾಡಿದ ನಮಗೆ ಮಾತ್ರ ಇಡೀ ಕಥೆಯ ಕೀಲು ಇಲ್ಲೇ ಇದೆ ಅನ್ನಿಸುತ್ತೆ. ಯಾಕೆ ಅಂದ್ರೆ, ಅವನಿಗೆ ಒಂದು ಸ್ವಂತ ಮಂಡಿ ಉಳೀತು.

ಒಂದು ಫ್ರೀ ಬಾಡಿ ಡಯಾಗ್ರಾಂ ಕಣ್ಣ ಮುಂದೆ ತಂದುಕೊಳ್ಳಿ. ಕೃತಕ ಮಂಡಿ ಅಂದ್ರೆ ಬಾಗಿಲ ಕೀಲಿನ ತರಹ ಒಂದು ಅಕ್ಷ. ಹಿಮ್ಮಡಿ ನೆಲಕ್ಕೆ ತಾಗಿದಾಗ ನೆಲ ಕೊಡೋ ಬಲದ ರೇಖೆ ಆ ಅಕ್ಷದ ಮುಂದೆ ಹಾದುಹೋದ್ರೆ ಮಂಡಿ ನೆಟ್ಟಗೆ ನಿಲ್ಲುತ್ತೆ. ಹಿಂದೆ ಹಾದುಹೋದ್ರೆ ಪಟ್ ಅಂತ ಮಡಚಿಕೊಳ್ಳುತ್ತೆ, ಮನುಷ್ಯ ನೆಲಕ್ಕೆ. ಅದಕ್ಕೇ ಪ್ರತಿ ಹೆಜ್ಜೆಗೂ ಸೊಂಟದ ಸ್ನಾಯುಗಳಿಂದ ತೊಡೆಯನ್ನು ಹಿಂದಕ್ಕೆ ಒತ್ತಿ ಹಿಡೀಬೇಕು. ಮುಂದಿನ ಹೆಜ್ಜೆಗೆ ಕಾಲನ್ನು ಲೋಲಕದ ಹಾಗೆ ಸೊಂಟದಿಂದ ಬೀಸಬೇಕು. ಪಾದ ಎಲ್ಲಿದೆ, ಕಲ್ಲಿನ ಮೇಲಿದೆಯೋ ಕೆಸರಿನ ಮೇಲಿದೆಯೋ, ಗೊತ್ತಾಗಲ್ಲ. ಸೆನ್ಸರ್ ಇಲ್ಲದ ರೋಬೋಟ್ ಅಂತಾರಲ್ಲ, ಹಾಗೆ. ಮಂಡಿ ಕೆಳಗೆ ಕಾಲು ಕಳ್ಕೊಂಡವರಿಗೆ ಈ ಕಷ್ಟದಲ್ಲಿ ಎಷ್ಟೋ ಭಾಗ ಇರೋದಿಲ್ಲ, ಅವರ ಸ್ವಂತ ಮಂಡಿಯೇ ಎಲ್ಲ ನೋಡಿಕೊಳ್ಳುತ್ತೆ. ಮೆಟ್ಟಿಲು ಹತ್ತುವಾಗ, ಕುರ್ಚಿಯಿಂದ ಏಳುವಾಗ ಆ ಒಂದು ಮಂಡಿಯ ಬೆಲೆ ಏನು ಅಂತ ಬಾಡರ್‌ಗೆ ಗೊತ್ತಿತ್ತು. ಎರಡೂ ಕಾಲು ತೊಡೆಯಿಂದಲೇ ಹೋಗಿದ್ದರೆ ಹಟ ಅಷ್ಟೇ ಇದ್ದರೂ ಕಥೆ ಬೇರೆ ಇರ್ತಿತ್ತು ಅಂತ ನಮ್ಮ ಲೆಕ್ಕ.

1932ರಲ್ಲಿ ಅವನು ಲಂಡನ್‌ನ ರೋಹ್ಯಾಂಪ್ಟನ್ ಆಸ್ಪತ್ರೆಗೆ ಬಂದ. ಇದೂ ಅದೃಷ್ಟವೇ. ಮೊದಲ ಮಹಾಯುದ್ಧದಲ್ಲಿ ಬ್ರಿಟನ್ನಿನ ಸುಮಾರು 41,000 ಸೈನಿಕರು ಕೈಯನ್ನೋ ಕಾಲನ್ನೋ ಕಳೆದುಕೊಂಡಿದ್ದರು. ಅವರಿಗಾಗಿಯೇ 1915ರಲ್ಲಿ ಶುರುವಾದ ಆಸ್ಪತ್ರೆ ಇದು. ಅಂದ್ರೆ ಬಾಡರ್ ಒಳಗೆ ಬರೋ ಹೊತ್ತಿಗೆ ಅಲ್ಲಿನವರು ಹದಿನೇಳು ವರ್ಷದಿಂದ ಇದೇ ಕೆಲಸ ಮಾಡ್ತಿದ್ದರು. ಎಷ್ಟೋ ಸಾವಿರ ಜನರ ಮೇಲೆ ತಪ್ಪು ಮಾಡಿ ಕಲಿತಿದ್ದರು.

ಅವನ ಕಾಲು ಮಾಡಿದ ಡೆಸೌಟರ್ ಕಂಪನಿಯ ಕಥೆ ಎಂಜಿನಿಯರಿಂಗ್ ಹುಡುಗರಿಗೆ ಹೇಳಿ ಮಾಡಿಸಿದ್ದು. ಮಾರ್ಸೆಲ್ ಡೆಸೌಟರ್ ಅನ್ನೋ ಪೈಲಟ್ 1913ರಲ್ಲಿ ವಿಮಾನ ಬಿದ್ದು ಕಾಲು ಕಳೆದುಕೊಂಡ. ಕೊಟ್ಟ ಮರದ ಕಾಲು ಹೆಣಭಾರ. ತಮ್ಮ ಚಾರ್ಲ್ಸ್ ಎಂಜಿನಿಯರ್. ವಿಮಾನಕ್ಕೆ ಬಳಸೋ ಡ್ಯುರಾಲುಮಿನ್, ಅಂದ್ರೆ ಅಲ್ಯುಮಿನಿಯಂಗೆ ಸ್ವಲ್ಪ ತಾಮ್ರ ಸೇರಿಸಿದ ಮಿಶ್ರಲೋಹದಿಂದ ಅಣ್ಣನಿಗೆ ಒಂದು ಕಾಲು ಮಾಡಿಕೊಟ್ಟ. ಮರದ ಕಾಲಿನ ಸುಮಾರು ಅರ್ಧ ತೂಕ. ಅಣ್ಣ ಮತ್ತೆ ವಿಮಾನ ಹತ್ತಿದ, ಸೋದರರು ಕಂಪನಿ ತೆಗೆದರು. ತಾನೇ ಹಾಕಿಕೊಂಡು ನಡೆಯೋನು ಕಂಪನಿಯ ಒಳಗಿದ್ದರೆ ಡಿಸೈನ್ ಎಷ್ಟು ಬೇಗ ಸುಧಾರಿಸುತ್ತೆ ನೋಡಿ.

ಊರುಗೋಲಿಲ್ಲದೆ ನಡೆಯೋದು ಸಾಧ್ಯವೇ ಇಲ್ಲ ಅಂತ ರೋಹ್ಯಾಂಪ್ಟನ್‌ನಲ್ಲಿ ಹೇಳಿದರು. ಊರುಗೋಲು ಮುಟ್ಟೋದೇ ಇಲ್ಲ ಅಂತ ಅವನು ಹಟ ಹಿಡಿದ. ಎಲ್ಲರೂ ಹೇಳೋ ಭಾಗ ಇದೇ, ಸುಳ್ಳೇನಲ್ಲ. ಬಿದ್ದ, ಎದ್ದ, ಮತ್ತೆ ಬಿದ್ದ. ಆದರೆ ಬಿದ್ದು ಏಳೋಕೆ ತಿಂಗಳುಗಟ್ಟಲೆ ಸಮಯ ಇತ್ತು, ಸಂಬಳ ನಿಂತಿರಲಿಲ್ಲ, ಕಾಲು ಸರಿಯಿಲ್ಲ ಅಂದ್ರೆ ತಿದ್ದಿಕೊಡೋರು ಪಕ್ಕದ ಕೋಣೆಯಲ್ಲೇ ಇದ್ದರು. ಈ ತಿದ್ದೋ ಕೆಲಸ ಸಣ್ಣದಲ್ಲ. ಕಾಲು ತೆಗೆದ ಮೇಲೆ ಉಳಿಯೋ ಭಾಗಕ್ಕೆ ಸ್ಟಂಪ್ ಅಂತಾರೆ (ಕ್ರಿಕೆಟ್ ಸ್ಟಂಪ್ ಅಲ್ಲ). ಅದು ಮೊದಲು ಊದಿಕೊಂಡಿರುತ್ತೆ, ತಿಂಗಳುಗಳು ಕಳೆದ ಹಾಗೆ ಕುಗ್ಗುತ್ತೆ. ಅದನ್ನು ಹಿಡಿದುಕೊಳ್ಳೋ ಬಟ್ಟಲೇ ಸಾಕೆಟ್. ಸ್ಟಂಪ್ ಕುಗ್ಗಿದರೆ ಸಾಕೆಟ್ ಸಡಿಲ, ಸಡಿಲವಾದರೆ ಉಜ್ಜುತ್ತೆ, ಉಜ್ಜಿದರೆ ಗಾಯ, ಗಾಯ ಆಯ್ತು ಅಂದ್ರೆ ಕಾಲು ಮೂಲೆಗೆ. ಉಣ್ಣೆಯ ಸಾಕ್ಸ್ ಒಂದರ ಮೇಲೊಂದು ಹಾಕಿ ಸ್ವಲ್ಪ ದಿನ ತಳ್ಳಬಹುದು. ಆಮೇಲೆ ಹೊಸ ಸಾಕೆಟ್ಟೇ ಬೇಕು. ಮಂಡಿ ಕೀಲಿಗೆ ನಾವು ಎರಡು ತಿಂಗಳು ತಲೆ ಕೆಡಿಸ್ಕೊಂಡ್ವಿ. ಸಾಕೆಟ್ ಅನ್ನೋ ಪದ ನಮ್ಮ ಮೊದಲ ರಿಪೋರ್ಟಿನಲ್ಲಿ ಬಂದಿದ್ದು ಒಂದೇ ಒಂದು ಸಲ.

ವಯಸ್ಸಿನ ಮಾತೂ ಇದೆ. ಬಾಡರ್‌ನದು ರಗ್ಬಿ ಆಡಿದ ತೊಡೆ, ಗಟ್ಟಿ ಹೃದಯ, ರಕ್ತ ಚೆನ್ನಾಗಿ ಹರಿಯೋ ಚರ್ಮ. ಅಪಘಾತದಲ್ಲಿ ಕಾಲು ಹೋದವರಿಗೂ ಶುಗರ್‌ನಿಂದ ಹೋದವರಿಗೂ ಇರೋ ವ್ಯತ್ಯಾಸ ಇದೇ. ಮೊದಲನೆಯವರಲ್ಲಿ ಉಳಿದ ದೇಹ ಆರೋಗ್ಯವಾಗಿರುತ್ತೆ. ಎರಡನೆಯವರಲ್ಲಿ ಕಾಲು ತೆಗೆದರೂ ಕಾಯಿಲೆ ಹೋಗಿರೋದಿಲ್ಲ. ಗಾಯ ಬೇಗ ಮಾಯಲ್ಲ, ಉಳಿದ ಕಾಲೂ ಮರಗಟ್ಟಿರುತ್ತೆ. ಮಂಡಿ ಮೇಲೆ ಕಾಲು ಹೋದವರಿಗೆ ನಡೆಯಲು ಮೊದಲಿಗಿಂತ ತುಂಬಾ ಹೆಚ್ಚು ಶಕ್ತಿ ಬೇಕು. ಅದನ್ನು ಅರವತ್ತರ ಹೃದಯ ಎಲ್ಲಿಂದ ತರುತ್ತೆ?

ಇಲ್ಲಿ ಇನ್ನೊಬ್ಬರ ನೆನಪಾಗುತ್ತೆ. ಫ್ರಾನ್ಸಿನ ಮಹಾನಟಿ ಸಾರಾ ಬರ್ನಾರ್ಡ್. 1915ರಲ್ಲಿ, 70ನೇ ವಯಸ್ಸಿನಲ್ಲಿ, ಅವರ ಬಲಗಾಲನ್ನು ಮಂಡಿ ಮೇಲೆ ತೆಗೆದರು. ಕೃತಕ ಕಾಲು ಅವರಿಗೆ ಸರಿಬರಲಿಲ್ಲ, ಬೇಡ ಅಂದುಬಿಟ್ಟರು. ಪಲ್ಲಕ್ಕಿಯಂಥ ಕುರ್ಚಿಯಲ್ಲಿ ಕೂತು, ಹೊತ್ತುಕೊಂಡು ಹೋಗಲು ಆಳು ಇಟ್ಟುಕೊಂಡು, ಯುದ್ಧಭೂಮಿಯ ಸೈನಿಕರ ಮುಂದೆಯೂ ನಾಟಕ ಆಡಿ ಬಂದರು. 1923ರಲ್ಲಿ ಸಾಯೋವರೆಗೂ ನಟನೆ ಬಿಡಲಿಲ್ಲ. ಅವರಿಗೆ ಹಟ ಕಡಿಮೆ ಇತ್ತು ಅಂತ ಯಾರು ಹೇಳ್ತಾರೆ? ಕಾಲು ಹಾಕ್ಕೊಳ್ಳದೇ ಇರೋದು ಸೋಲು ಅಂತ ನಾವು ಯಾಕೆ ಅಂದ್ಕೊಂಡ್ವೋ ಗೊತ್ತಿಲ್ಲ.

ಬಾಡರ್‌ಗೆ ಮತ್ತೆ ಬರೋಣ. ಅವನು ಪೆಡಲ್ ಬದಲಾಯಿಸಿದ ಕಾರು ಓಡಿಸಿದ, ಡ್ಯಾನ್ಸ್ ಮಾಡಿದ, 1932ರಲ್ಲೇ ವಿಮಾನವನ್ನೂ ಹಾರಿಸಿ ತೋರಿಸಿದ. ಪರೀಕ್ಷೆಯಲ್ಲಿ ಪಾಸಾದ. ಆದರೂ ಕಾಲಿಲ್ಲದ ಪೈಲಟ್‌ಗೆ ರೂಲ್ ಬುಕ್‌ನಲ್ಲಿ ಜಾಗ ಇಲ್ಲ ಅಂತ 1933ರಲ್ಲಿ ವಾಯುಪಡೆ ಮನೆಗೆ ಕಳಿಸಿತು. ಕಾಲು ಕೆಲಸ ಮಾಡಿತು, ಕೆಲಸ ಕೊಡೋರು ಇರಲಿಲ್ಲ. ಒಂದು ಎಣ್ಣೆ ಕಂಪನಿಯ ಆಫೀಸಿನಲ್ಲಿ ಮೇಜಿನ ಹಿಂದಿನ ಕೆಲಸ ಸಿಕ್ಕಿತು, ಅದೇ ವರ್ಷ ಥೆಲ್ಮಾ ಎಡ್ವರ್ಡ್ಸ್ ಜೊತೆ ಮದುವೆ. ಆರು ವರ್ಷ ಹಾಗೇ ಕಳೀತು. ಆ ಕಾಲದಲ್ಲಿ ಗಾಲ್ಫ್ ಹಿಡಿದ. ಕೋಲು ಬೀಸಿದಾಗೆಲ್ಲ ಮೊದಮೊದಲು ತಾನೇ ಉರುಳಿ ಬೀಳ್ತಿದ್ದನಂತೆ. ಕೊನೆಗೆ ಎರಡು ಕಾಲಿರೋರನ್ನು ಸೋಲಿಸೋ ಮಟ್ಟಕ್ಕೆ ಬಂದ. ರೋಹ್ಯಾಂಪ್ಟನ್‌ನಲ್ಲಿ ಕಲಿತದ್ದಕ್ಕಿಂತ ಜಾಸ್ತಿ ಅವನು ಕಲಿತದ್ದು ಆ ಹುಲ್ಲಿನ ಏರಿಳಿತದಲ್ಲಿ ಇರಬೇಕು. ಹೋಗೋಕೆ ಒಂದು ಜಾಗ ಇದ್ದಾಗ ಕಾಲಿಗೆ ಕೆಲಸ ಇರುತ್ತೆ.

1939ರಲ್ಲಿ ಯುದ್ಧ ಶುರುವಾಯ್ತು, ಪೈಲಟ್‌ಗಳ ಬರ ಬಂತು, ರೂಲ್ ಬುಕ್ ತಾನಾಗೇ ಮೆತ್ತಗಾಯಿತು. ಅಪೇವನ್‌ನಲ್ಲಿ ನಡೆದ ಪರೀಕ್ಷೆಯ ಒಂದು ಸಂಗತಿ ನಮಗೆ ಬಹಳ ಇಷ್ಟ. ಕೊಟ್ಟ ವಿಮಾನ ಅಮೆರಿಕದ ಹಾರ್ವರ್ಡ್. ಅದರ ಬ್ರೇಕ್ ಕಾಲ್ಬೆರಳ ತುದಿಯಿಂದ ಒತ್ತೋದು. ಹರಡು ಇಲ್ಲದ ಬಾಡರ್‌ಗೆ ಅದು ಆಗೋ ಮಾತೇ ಅಲ್ಲ. ಆದರೆ ಬ್ರಿಟಿಷ್ ಫೈಟರ್‌ಗಳಾದ ಹರಿಕೇನ್, ಸ್ಪಿಟ್‌ಫೈರ್‌ಗಳಲ್ಲಿ ಬ್ರೇಕ್ ಇದ್ದದ್ದು ಕೈಯಲ್ಲಿ ಹಿಡಿಯೋ ಕಂಟ್ರೋಲ್ ಕಾಲಂ ಮೇಲೆ, ಸೈಕಲ್ ಬ್ರೇಕಿನ ಹಾಗೆ. ಕಾಲಿಗೆ ಉಳಿದದ್ದು ರಡರ್ ಪೆಡಲ್ ಹಿಂದೆ ಮುಂದೆ ತಳ್ಳೋದು ಮಾತ್ರ, ಅದಕ್ಕೆ ತೊಡೆ ಸಾಕು. ಪರೀಕ್ಷಕರು ಇದನ್ನು ಗಮನಿಸಿ ಪಾಸ್ ಮಾಡಿದರು. ಬಾಡರ್‌ಗಾಗಿ ಯಾರೂ ಆ ಬ್ರೇಕನ್ನು ಡಿಸೈನ್ ಮಾಡಿರಲಿಲ್ಲ, ಸುಮ್ಮನೆ ಹೊಂದಿಕೊಂಡಿತು. ಎಲ್ಲಾ ಫೈಟರ್‌ಗಳಲ್ಲೂ ಕಾಲಿನ ಬ್ರೇಕ್ ಇದ್ದಿದ್ದರೆ? ಅದೇ ಮನುಷ್ಯ, ಅದೇ ಹಟ, ಅದೇ ಕಾಲು. ಯುದ್ಧ ಮುಗಿಯೋವರೆಗೂ ಎಣ್ಣೆ ಕಂಪನಿಯ ಮೇಜು.

ಯುದ್ಧದ ಕಥೆ ಎಲ್ಲರಿಗೂ ಗೊತ್ತು, ಬೇಗ ಮುಗಿಸ್ತೀವಿ. 1940ರಲ್ಲಿ ಹರಿಕೇನ್‌ಗಳ 242ನೇ ಸ್ಕ್ವಾಡ್ರನ್ನಿಗೆ ಮುಖ್ಯಸ್ಥನಾದ. 20ಕ್ಕೂ ಹೆಚ್ಚು ಶತ್ರುವಿಮಾನಗಳನ್ನು ಬೀಳಿಸಿದ. ಅವನ ದೊಡ್ಡ ಗುಂಪಿನ ದಾಳಿಯ ತಂತ್ರ ಸರಿಯೋ ತಪ್ಪೋ ಅಂತ ಇವತ್ತಿಗೂ ಜಗಳ ಇದೆ. 1941ರ ಆಗಸ್ಟ್ 9ರಂದು ಫ್ರಾನ್ಸ್ ಮೇಲೆ ಅವನ ವಿಮಾನ ಮುರೀತು. ಹಾರಲು ಹೋದರೆ ಬಲಗಾಲು, ಮಂಡಿ ಮೇಲೆ ಕಟ್ಟಿದ ಆ ಲೋಹದ ಕಾಲು, ಒಳಗೆ ಸಿಕ್ಕಿಹಾಕಿಕೊಂಡಿತು. ಕೊನೆಗೆ ಚರ್ಮದ ಪಟ್ಟಿ ಹರಿದು, ಕಾಲನ್ನು ವಿಮಾನದಲ್ಲೇ ಬಿಟ್ಟು ಪ್ಯಾರಾಚೂಟ್‌ನಲ್ಲಿ ಇಳಿದ. ಸ್ವಂತ ಕಾಲಾಗಿದ್ದರೆ ಅವತ್ತೇ ಮುಗಿದಿತ್ತು. ಕೃತಕ ಕಾಲನ್ನು ಬಿಚ್ಚಬಹುದು ಅನ್ನೋದು ಅವನ ಪ್ರಾಣ ಉಳಿಸಿತು.

ಜರ್ಮನ್ನರು ಅವನನ್ನು ಸೇರಿಸಿದ ಆಸ್ಪತ್ರೆ ಯಾವ ಊರಲ್ಲಿತ್ತು ಗೊತ್ತಾ? ಸೇಂಟ್ ಓಮರ್, ಅವನ ಅಪ್ಪ ತೀರಿಹೋದ ಊರು. ವಿಮಾನದ ಅವಶೇಷದಿಂದ ಆ ಕಾಲನ್ನು ಹುಡುಕಿ, ರಿಪೇರಿ ಮಾಡಿಸಿ ಕೊಟ್ಟಿದ್ದೂ ಜರ್ಮನ್ನರೇ. ಅದೇ ಕಾಲು ಹಾಕ್ಕೊಂಡು, ಹಾಸಿಗೆ ಬಟ್ಟೆ ಗಂಟುಹಾಕಿ, ಕಿಟಕಿಯಿಂದ ಇಳಿದು ಪರಾರಿಯಾದ. ಬೇಗನೆ ಸಿಕ್ಕಿಬಿದ್ದ. ಆಗಸ್ಟ್ 19ರಂದು ಬ್ರಿಟಿಷ್ ವಿಮಾನವೊಂದು ಬಾಂಬ್ ದಾಳಿಗೆ ಹೋಗುವಾಗ ಹೊಸ ಕಾಲನ್ನು ಪೆಟ್ಟಿಗೆಯಲ್ಲಿಟ್ಟು ಪ್ಯಾರಾಚೂಟ್ ಕಟ್ಟಿ ಎಸೆದು ಹೋಯಿತು. ಯುದ್ಧದ ಮಧ್ಯೆ ಎರಡು ದೇಶದ ಸೈನ್ಯ ಸೇರಿ ಒಬ್ಬನಿಗೆ ಕಾಲು ತಲುಪಿಸಿದವು. ನಮ್ಮ ದೊಡ್ಡಪ್ಪ ಸಾಕೆಟ್ ಸರಿಮಾಡಿಸಬೇಕು ಅಂದ್ರೆ ಎರಡು ಬಸ್ ಬದಲಾಯಿಸಿ, ಜೊತೆಗೊಬ್ಬರನ್ನು ಕರ್ಕೊಂಡು, ಒಂದು ದಿನದ ಕೂಲಿ ಬಿಟ್ಟು ಹೋಗಬೇಕು.

1942ರಿಂದ 1945ರ ಏಪ್ರಿಲ್‌ವರೆಗೆ ಬಾಡರ್ ಇದ್ದದ್ದು ಕೋಲ್ಡಿಟ್ಸ್ ಕೋಟೆಯ ಸೆರೆಯಲ್ಲಿ. ಅಲ್ಲಿನ ಒಂದು ಚಿತ್ರ ಯಾವ ಸ್ಫೂರ್ತಿ ವಿಡಿಯೋದಲ್ಲೂ ಇಲ್ಲ. ಸ್ನಾನಕ್ಕೆ ಲೋಹದ ಕಾಲು ಬಿಚ್ಚಿಡಬೇಕಲ್ಲ. ಅವನನ್ನು ಬೆನ್ನ ಮೇಲೆ ಹೊತ್ತು ಮೆಟ್ಟಿಲಿಳಿಸಿ ಸ್ನಾನಕ್ಕೆ ಕರ್ಕೊಂಡು ಹೋಗಿ ಬರಲು ಒಬ್ಬ ಸೈನಿಕ ಸೇವಕನಾಗಿದ್ದ. ಆ ಸೈನಿಕನಿಗೆ ಊರಿಗೆ ವಾಪಸ್ ಹೋಗೋ ಅವಕಾಶ ಬಂದಾಗ ಬಾಡರ್ ಬಿಡಲಿಲ್ಲವಂತೆ, ಆ ಸೈನಿಕನೇ ಮುಂದೆ ಹೇಳಿಕೊಂಡಿದ್ದಾನೆ. ಓದಿದಾಗ ನಮಗೆ ಸಿಟ್ಟು ಬಂತು. ಯಾರ ಹಂಗೂ ಇಲ್ಲದೆ ನಡೆದವನು ಅಂತ ನಾವು ದೊಡ್ಡಪ್ಪನಿಗೆ ತೋರಿಸಿದ್ದು ಇವನನ್ನೇ. ಎರಡೂ ಕಾಲಿಲ್ಲದವನು ಕಾಲು ಬಿಚ್ಚಿದ ಮೇಲೆ ಕುಂಟಿಕೊಂಡು ಬಚ್ಚಲಿಗೆ ಹೋಗೋಕೂ ಆಗಲ್ಲ. ಎದ್ದು ನಿಲ್ಲಬೇಕು ಅಂದ್ರೆ ಆ ಲೋಹವೇ ಬೇಕು. ಒಂದು ಕಾಲಿರೋರಿಗೆ ಊರುಗೋಲು ಇದೆ, ಕಟ್ಟೋ ಬಿಚ್ಚೋ ಗೋಳಿಲ್ಲದೆ ಬೇಗ ಕೆಲಸ ಆಗುತ್ತೆ. ಒಂದೇ ಕಾಲು ತಾನೇ ಹೋಗಿರೋದು ಅನ್ನೋ ನಮ್ಮ ಲೆಕ್ಕ ಅಲ್ಲೇ ತಲೆಕೆಳಗಾಗಿತ್ತು.

ಯುದ್ಧದ ನಂತರ ಬಾಡರ್ ಮತ್ತೆ ಎಣ್ಣೆ ಕಂಪನಿಗೆ ಹೋದ. ಈ ಸಲ ಕಂಪನಿ ಹಾರಾಡಲು ವಿಮಾನವನ್ನೂ ಕೊಟ್ಟಿತು. 1954ರಲ್ಲಿ ಪುಸ್ತಕ ಬಂತು, 1956ರಲ್ಲಿ ಸಿನಿಮಾ. ಖ್ಯಾತಿ ಬಂದ ಮೇಲೂ ಸ್ವಭಾವ ಬದಲಾಗಲಿಲ್ಲ. ಗದರೋದು, ತನ್ನ ಮಾತೇ ನಡೀಬೇಕು ಅನ್ನೋದು, ಎಲ್ಲಾ ಹಾಗೇ. ಆದರೆ ಒಂದು ಕೆಲಸ ಅವನು ಸದ್ದಿಲ್ಲದೆ ಮಾಡ್ತಾ ಬಂದ. ಹೊಸದಾಗಿ ಕಾಲು ಕಳೆದುಕೊಂಡವರನ್ನು, ಮಕ್ಕಳನ್ನು, ಆಸ್ಪತ್ರೆಗೆ ಹೋಗಿ ನೋಡೋದು. ಭಾಷಣಕ್ಕಿಂತ ಅವನು ವಾರ್ಡಿನೊಳಗೆ ನಡೆದು ಬರೋದನ್ನು ನೋಡೋದೇ ಅವರಿಗೆ ಮದ್ದಾಗಿರಬೇಕು. ಈ ಸೇವೆಗೆ 1976ರಲ್ಲಿ ಸರ್ ಪದವಿ ಸಿಕ್ಕಿತು. 1982ರ ಸೆಪ್ಟೆಂಬರ್ 5ರಂದು, ಲಂಡನ್‌ನಲ್ಲಿ ಒಂದು ಔತಣ ಮುಗಿಸಿ ಕಾರಿನಲ್ಲಿ ಮನೆಗೆ ಹೋಗ್ತಿರುವಾಗ ಹೃದಯಾಘಾತ. 72 ವರ್ಷ. ರೋಹ್ಯಾಂಪ್ಟನ್ ಆಸ್ಪತ್ರೆಯಲ್ಲಿ ಇವತ್ತು ಅವನ ಹೆಸರಿನ ಪುನರ್ವಸತಿ ಕೇಂದ್ರ ಇದೆ.

ಬಾಡರ್‌ನ ಕಾಲುಗಳು ಬೂಟು ಹಾಕ್ಕೊಂಡು, ಕುರ್ಚಿಯಲ್ಲಿ ಕೂರೋ ಜೀವನಕ್ಕೆ ಮಾಡಿದವು. ಅಂಥ ಕಾಲು ನಮ್ಮ ದೇಶದಲ್ಲಿ ಯಾಕೆ ಮೂಲೆ ಸೇರುತ್ತೆ ಅಂತ ಯೋಚಿಸಿದವರು ಜೈಪುರದ ಡಾ. ಪ್ರಮೋದ್ ಕರಣ್ ಸೇಠಿ ಮತ್ತು ಕುಶಲಕರ್ಮಿ ರಾಮಚಂದ್ರ ಶರ್ಮ. ಬರಿಗಾಲಲ್ಲಿ ಗದ್ದೆಗಿಳಿಯೋರಿಗೆ, ಚಕ್ಕಳಮಕ್ಕಳ ಹಾಕಿ ಕೂರೋರಿಗೆ ಅಂತ 1968ರ ಸುಮಾರಿಗೆ ಅವರು ರಬ್ಬರಿನ ಜೈಪುರ ಪಾದ ಮಾಡಿದರು. ಪ್ರಶ್ನೆಯನ್ನು ಲ್ಯಾಬ್‌ನಿಂದ ಶುರುಮಾಡದೆ ಗದ್ದೆಯಿಂದ ಶುರುಮಾಡಿದ್ದು ಅವರ ದೊಡ್ಡತನ.

ನಾವು ದೊಡ್ಡಪ್ಪನ ಮನೆಗೆ ಇನ್ನೊಂದು ಸಲ ಹೋದ್ವಿ. ಈ ಸಲ ಫೋನ್ ಜೇಬಿನಲ್ಲೇ ಇತ್ತು, ಅಳತೆ ಟೇಪ್ ತಗೊಂಡು ಹೋಗಿದ್ವಿ. ಹೊಸ್ತಿಲು ಎಂಟು ಇಂಚು. ಕಕ್ಕಸು ಕುಕ್ಕರಗಾಲಲ್ಲಿ ಕೂರೋದು, ಅಂಗಳದ ಆಚೆ. ಊಟಕ್ಕೆ ನೆಲದ ಮೇಲೆ. ಕಾಲು ಕೊಟ್ಟ ಮೇಲೆ ದೊಡ್ಡಪ್ಪ ತೂಕ ಇಳಿದಿದ್ದಾರೆ, ಮೂರು ಸಾಕ್ಸ್ ಹಾಕಿದ್ರೂ ಸಾಕೆಟ್ ಒಳಗೆ ಬೆರಳು ಆಡುತ್ತೆ. ಬೇಸಿಗೆಯಲ್ಲಿ ಬೆವರಿ ಚರ್ಮ ಕಿತ್ತುಬಂದಿತ್ತಂತೆ, ಶುಗರ್ ಇರೋ ಮೈ, ಹೆದರಿ ಬಿಚ್ಚಿಟ್ಟವರು ಮತ್ತೆ ಮುಟ್ಟಿಲ್ಲ. ಎಲ್ಲಿಗೆ ನಡೆದು ಹೋಗ್ಬೇಕು ಅಂತ ಆಸೆ ಅಂತ ಕೇಳಿದ್ವಿ. ತೋಟದ ಬೋರ್‌ವೆಲ್ ತನಕ ಅಂದ್ರು. ಅಳೆದ್ವಿ, ಮನೆಯಿಂದ 140 ಮೀಟರ್, ಮಧ್ಯೆ ಒಂದು ನೀರುಕಾಲುವೆ.

ಮಂಡಿ ಕೀಲಿನ ಕ್ಯಾಡ್ ಫೈಲ್ ಹಾಗೇ ಇದೆ. ಸದ್ಯಕ್ಕೆ ಮಾಡ್ತಿರೋದು ಹೊಸ್ತಿಲ ಎರಡೂ ಕಡೆ ಮರದ ಇಳಿಜಾರು, ಗೋಡೆಗೆ ಹಿಡಿಕೆ, ಕಾಲುವೆ ಮೇಲೆ ಒಂದು ಹಲಗೆ ಸೇತುವೆ. ಗೈಡ್ ಇದನ್ನ ಪ್ರಾಜೆಕ್ಟ್ ಅಂತ ಒಪ್ತಾರೋ ಇಲ್ವೋ ನೋಡ್ಬೇಕು. ಬರೋ ತಿಂಗಳು ಹೊಸ ಸಾಕೆಟ್ ಅಳತೆಗೆ ದೊಡ್ಡಪ್ಪನ ಜೊತೆ ನಮ್ಮಲ್ಲಿ ಇಬ್ಬರು ಹೋಗ್ತಿದ್ದೀವಿ. ಇಂಟರ್ನಲ್ಸ್ ಅದೇ ವಾರ ಬರದೇ ಇದ್ರೆ ಸಾಕು.